ಓದುಗರ ಪ್ರಶ್ನೆ: ಬ್ಯಾಕೆಂಡ್‌ಗೆ ಇನ್ನೊಂದು ಅಸೆಂಬ್ಲಿ ಸಿಂಟ್ಯಾಕ್ಸ್ ಸೇರ್ಸೋದು ಹೇಗೆ?

ಪ್ರಶ್ನೆ: ನಾವು ಬರೀತಿರೋ ಕಂಪೈಲರ್ ಎಕ್ಸ್86ಗೆ (ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಕುಟುಂಬ) ಎಟಿ ಅಂಡ್ ಟಿ ಸಿಂಟ್ಯಾಕ್ಸ್‌ನಲ್ಲಿ ಮಾತ್ರ ಅಸೆಂಬ್ಲಿ ಕೊಡುತ್ತೆ, ಬಳಸೋರು ಅದೇ ಅಸೆಂಬ್ಲಿನ ಬರೆಯೋ ಇನ್ನೊಂದು ಶೈಲಿಯಾದ ಇಂಟೆಲ್ ಸಿಂಟ್ಯಾಕ್ಸೂ ಬೇಕು ಅಂತಿದಾರೆ. ಅದಕ್ಕೆ ಬೇರೆ ಬ್ಯಾಕೆಂಡೇ (ಕಂಪೈಲರ್‌ನಲ್ಲಿ ಅಸೆಂಬ್ಲಿ ಹುಟ್ಟಿಸೋ ಭಾಗ) ಬರೀಬೇಕಾ?

ಉತ್ತರ: ಖಂಡಿತ ಬೇಡ. ಇನ್‌ಸ್ಟ್ರಕ್ಷನ್ ಆರಿಸೋದು, ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹ ಜಾಗ) ಹಂಚೋದು ಯಾವುದನ್ನೂ ಮುಟ್ಟಬೇಡಿ. ಇಎಎಕ್ಸ್ ರಿಜಿಸ್ಟರ್‌ಗೆ 5 ಹಾಕೋಕೆ ಎಟಿ ಅಂಡ್ ಟಿ ಥರ ‘ಮೂವ್‌ಎಲ್ $5, %ಇಎಎಕ್ಸ್’ ಅಂತ ಬರೆದ್ರೂ ಇಂಟೆಲ್ ಥರ ‘ಮೂವ್ ಇಎಎಕ್ಸ್, 5’ ಅಂತ ಬರೆದ್ರೂ ಹೊರಗೆ ಬರೋ ಬೈಟ್‌ಗಳು ಅವೇ, ಬಿ8 05 00 00 00, ಹಾಗಾಗಿ ವ್ಯತ್ಯಾಸ ಎಲ್ಲಾ ಕೊನೇಲಿ ಪ್ರಿಂಟ್ ಮಾಡೋ ಹಂತದಲ್ಲೇ ಇರಲಿ. ಜಿಸಿಸಿ, ಎಲ್‌ಎಲ್‌ವಿಎಂ ಅನ್ನೋ ಹೆಸರಾಂತ ಕಂಪೈಲರ್ ಯೋಜನೆಗಳೆರಡರಲ್ಲೂ ಪ್ರತಿ ಇನ್‌ಸ್ಟ್ರಕ್ಷನ್‌ಗೆ ಒಂದೇ ಟೆಂಪ್ಲೇಟ್ ಸ್ಟ್ರಿಂಗ್ (ಪ್ರಿಂಟ್ ಆಗೋ ಟೆಕ್ಸ್ಟ್‌ನ ಅಚ್ಚು) ಇರುತ್ತೆ, ಅದ್ರೊಳಗೆ ಸುರುಳಿ ಬ್ರ್ಯಾಕೆಟ್ ಹಾಕಿ ಮಧ್ಯ ಒಂದು ನಿಂತ ಗೆರೆ ಎಳೆದು ಆ ಕಡೆ ಒಂದು ರೂಪ ಈ ಕಡೆ ಇನ್ನೊಂದು ರೂಪ ಬರೆದಿಡ್ತಾರೆ. ಎಲ್‌ಎಲ್‌ವಿಎಂನಲ್ಲಿ ಟೇಬಲ್‌ಜೆನ್ ಅನ್ನೋ ಕೋಡ್ ಹುಟ್ಟಿಸೋ ಸಾಧನ ಅದನ್ನೇ ಓದಿ ಎರಡು ಪ್ರಿಂಟರ್‌ಗಳಿಗೂ (ಅಸೆಂಬ್ಲಿ ಟೆಕ್ಸ್ಟ್ ಬರೆಯೋ ಭಾಗಗಳಿಗೆ) ಕೋಡ್ ಹುಟ್ಟಿಸುತ್ತೆ. ನೀವೂ ಹೀಗೇ ಮಾಡಿ, ಕೋಡ್ ತುಂಬಾ ‘ಇಂಟೆಲ್ ಆದ್ರೆ ಹೀಗೆ’ ಅಂತ ಇಫ್ ಹಾಕ್ತಾ ಹೋದ್ರೆ ಆಮೇಲೆ ಯಾರೂ ಅದನ್ನ ನೋಡ್ಕೊಳ್ಳೋಕಾಗಲ್ಲ.

ಆಪರೆಂಡ್ (ಇನ್‌ಸ್ಟ್ರಕ್ಷನ್ ಬಳಸೋ ಮೌಲ್ಯ, ರಿಜಿಸ್ಟರ್ ಅಥವಾ ಮೆಮೊರಿ ಜಾಗ) ಕ್ರಮ ತಿರುಗಿಸೋದು ಸುಲಭ. ಕಷ್ಟ ಬರೋದು ಮೆಮೊರಿ ಆಪರೆಂಡ್‌ನಲ್ಲಿ. ಎಟಿ ಅಂಡ್ ಟಿಯಲ್ಲಿ ಸೈಜ್ ಅನ್ನೋದು ಇನ್‌ಸ್ಟ್ರಕ್ಷನ್ ಹೆಸರಿನ ಬಾಲದಲ್ಲೇ ಇರುತ್ತೆ, ಇಂಟೆಲ್‌ನಲ್ಲಿ ಆ ಬಾಲ ಹೋಗಿಬಿಡುತ್ತೆ, ಆಗ ಬರೀ ‘ಇಂಕ್ [ಆರ್‌ಬಿಎಕ್ಸ್]’ ಅಂದ್ರೆ ಒಂದು ಬೈಟಾ ನಾಲ್ಕು ಬೈಟಾ ಅಂತ ಅಸೆಂಬ್ಲರ್‌ಗೆ (ಅಸೆಂಬ್ಲಿನ ಬೈಟ್‌ಗಳಾಗಿ ಮಾಡೋ ಪ್ರೋಗ್ರಾಂ) ಹೇಗೆ ಗೊತ್ತಾಗ್ಬೇಕು? ನಾಲ್ಕು ಬೈಟಾದ್ರೆ ಮುಂದೆ ‘ಡಿವರ್ಡ್ ಪಿಟಿಆರ್’ ಅಂತ ಪ್ರಿಂಟ್ ಮಾಡ್ಬೇಕು, ಅಂದ್ರೆ ಪ್ರತಿ ಮೆಮೊರಿ ಆಪರೆಂಡ್‌ನ ಅಳತೆ ನಿಮ್ಮ ಇನ್‌ಸ್ಟ್ರಕ್ಷನ್ ಟೇಬಲ್‌ನಲ್ಲಿ ಮೊದಲೇ ಇರ್ಬೇಕು. ಇಲ್ದಿದ್ರೆ ಅದನ್ನ ತುಂಬೋದೇ ಅರ್ಧ ಕೆಲಸ.

ಪ್ರಶ್ನೆ: ಪ್ರಿಂಟರ್ ಬರೆದಾಯ್ತು, ಚಿಕ್ಕ ಟೆಸ್ಟ್ ಎಲ್ಲಾ ಪಾಸ್, ಆದ್ರೆ ಒಂದು ದೊಡ್ಡ ಪ್ರೋಗ್ರಾಂ ಇಂಟೆಲ್ ಮೋಡ್‌ನಲ್ಲಿ ಮಾತ್ರ ಕ್ರ್ಯಾಶ್ ಆಗ್ತಿದೆ. ಎಲ್ಲಿ ನೋಡ್ಲಿ?

ಉತ್ತರ: ಮೊದಲು ಹೆಸರುಗಳನ್ನ ನೋಡಿ. ಎಟಿ ಅಂಡ್ ಟಿಯಲ್ಲಿ ರಿಜಿಸ್ಟರ್ ಮುಂದೆ % ಇರೋದ್ರಿಂದ ಯಾರಾದ್ರೂ ಫಂಕ್ಷನ್‌ಗೆ ‘ಆರ್‌ಎಎಕ್ಸ್’ ಅಂತ ಹೆಸರಿಟ್ರೂ ನಡೀತಿತ್ತು. ಇಂಟೆಲ್‌ನಲ್ಲಿ % ಇಲ್ದೆ ‘ಕಾಲ್ ಆರ್‌ಎಎಕ್ಸ್’ ಅಂದ್ರೆ ರಿಜಿಸ್ಟರ್‌ನಲ್ಲಿರೋ ವಿಳಾಸಕ್ಕೆ ಜಿಗಿ ಅಂತ ಅರ್ಥ, ಅಸೆಂಬ್ಲರ್ ಒಂದು ಎರರ್ ಕೂಡ ಕೊಡಲ್ಲ, ಇದು ನಿಜಕ್ಕೂ ಭಯ ಹುಟ್ಟಿಸೋ ಥರದ ಬಗ್. ಇಂಥ ಹೆಸರು ಬಂದ್ರೆ ಕೋಟ್ ಒಳಗೆ ಪ್ರಿಂಟ್ ಮಾಡಿ, ನೀವು ಬಳಸೋ ಅಸೆಂಬ್ಲರ್ ಕೋಟ್‌ನಲ್ಲಿರೋದನ್ನ ಸಿಂಬಲ್ (ಫಂಕ್ಷನ್ ಅಥವಾ ವೇರಿಯಬಲ್ ಹೆಸರು) ಅಂತಾನೇ ತಗೊಳ್ಳುತ್ತಾ ಅಂತ ಪರೀಕ್ಷೆ ಮಾಡ್ಕೊಳ್ಳಿ. ಎಕ್ಸ್87 (ಎಕ್ಸ್86ನ ಹಳೇ ದಶಮಾಂಶ ಲೆಕ್ಕದ ಭಾಗ) ಫ್ಲೋಟಿಂಗ್ ಪಾಯಿಂಟ್ ಇದ್ರೆ ಕಳೆಯೋ ಇನ್‌ಸ್ಟ್ರಕ್ಷನ್‌ಗಳಾದ ಎಫ್‌ಸಬ್, ಎಫ್‌ಸಬ್‌ಆರ್ (ತಿರುಗುಮುರುಗಾಗಿ ಕಳೆಯೋದು) ಕಡೆಗೂ ಕಣ್ಣಿಡಿ, ಹಳೇ ಯುನಿಕ್ಸ್ ಅಸೆಂಬ್ಲರ್‌ನ ತಪ್ಪೊಂದನ್ನ ಹೊಂದಾಣಿಕೆಗೋಸ್ಕರ ಉಳಿಸ್ಕೊಂಡಿರೋದ್ರಿಂದ ಎಟಿ ಅಂಡ್ ಟಿಯಲ್ಲಿ ಕೆಲವು ರೂಪಗಳಲ್ಲಿ ಇವೆರಡರ ಹೆಸರು ಅದಲುಬದಲು.

ಟೆಸ್ಟ್ ಮಾಡೋವಾಗ ಟೆಕ್ಸ್ಟ್ ಹೋಲಿಸಿ ಸುಮ್ಮನಾಗಬೇಡಿ. ಅದೇ ಪ್ರೋಗ್ರಾಂನ ಎರಡೂ ಸಿಂಟ್ಯಾಕ್ಸ್‌ನಲ್ಲಿ ಹೊರಗೆ ತಗೊಂಡು, ಎರಡನ್ನೂ ಅಸೆಂಬಲ್ ಮಾಡಿ, ಬೈಟ್ ಬೈಟೇ ಹೋಲಿಸಿ. ನಿಮ್ಮ ಕ್ರ್ಯಾಶ್ ಎಲ್ಲಿಂದ ಅಂತ ಇದ್ರಲ್ಲೇ ಸಿಗೋ ಸಾಧ್ಯತೆ ಜಾಸ್ತಿ.

ಪ್ರಶ್ನೆ: ಬಳಸೋರು ಬರೆದ ಇನ್‌ಲೈನ್ ಅಸೆಂಬ್ಲಿನೂ (ತಮ್ಮ ಪ್ರೋಗ್ರಾಂ ಕೋಡ್ ನಡುವೆ ಸೇರಿಸಿದ ಅಸೆಂಬ್ಲಿ) ನಾವೇ ಬದಲಾಯಿಸ್ಬೇಕಾ?

ಉತ್ತರ: ಬೇಡ, ಅದು ಅವರ ಟೆಕ್ಸ್ಟ್, ಕಂಪೈಲರ್‌ಗೆ ಅದ್ರ ಅರ್ಥ ಗೊತ್ತಿರಲ್ಲ. ಜಿಸಿಸಿ ಮಾಡೋ ಥರ ಅದೇ ಸುರುಳಿ ಬ್ರ್ಯಾಕೆಟ್ ಸೌಲಭ್ಯನ ಅವರಿಗೂ ಕೊಡಿ, ಎರಡೂ ಮೋಡ್ ಬೇಕಾದೋರು ಎರಡೂ ರೂಪ ಬರ್ಕೋತಾರೆ. ಡೀಫಾಲ್ಟ್ ಮಾತ್ರ ಎಟಿ ಅಂಡ್ ಟಿನೇ ಇರ್ಲಿ, ಬದಲಾಯಿಸಿದ್ರೆ ಈಗಾಗ್ಲೇ ಇರೋ ಹೆಡರ್ ಫೈಲ್‌ಗಳಲ್ಲಿನ ಇನ್‌ಲೈನ್ ಕೋಡ್ ಒಂದೇ ಏಟಿಗೆ ಮುರಿಯುತ್ತೆ.