ಮಾವನವರು ವಾಯುಪಡೆಯಲ್ಲಿ ಪೈಲಟ್ ಆಗಿದ್ದರು. ಮೊದಲ ಪುಣ್ಯಸ್ಮರಣೆಗೆ ಪುಸ್ತಿಕೆ ಮಾಡಬೇಕು. ಅವರು ಹಾರಿಸಿದ ವಿಮಾನ, ಪಡೆದ ಪದಕಗಳ ವಿವರ ಎಲ್ಲಿ ಸಿಗುತ್ತದೆ?

ವಿಮಾನದ ಪಟ್ಟಿ ಬಿಡ್ರಿ. ನಾನೂ ಅದರ ಬೆನ್ನು ಹತ್ತಿದವಳೇ.

ನಮ್ಮಪ್ಪ ಬೀದರ್ ವಾಯುನೆಲೆಯಲ್ಲಿ ಇನ್‌ಸ್ಟ್ರಕ್ಟರ್. ಕಿರಣ್ ವಿಮಾನದಲ್ಲಿ ಹುಡುಗರಿಗೆ ಹಾರಾಟ ಕಲಿಸುತ್ತಿದ್ದರು. ಬೆಂಗಳೂರಿನ ಎಚ್‌ಎಎಲ್ ಮಾಡಿದ ವಿಮಾನ ಅದು, 1964ರಲ್ಲಿ ಮೊದಲ ಸಲ ಹಾರಿದ್ದು. ಅದರಲ್ಲಿ ಕಲಿಸುವವರು, ಕಲಿಯುವವರು ಅಕ್ಕಪಕ್ಕ ಕೂರುತ್ತಾರೆ. ನನಗೆ ಮಾರುತಿ 800 ಕಲಿಸುವಾಗಲೂ ಅಪ್ಪ ಹಾಗೇ, ಎರಡೂ ಕೈ ತೊಡೆ ಮೇಲಿಟ್ಟು ಸುಮ್ಮನೆ ಕೂತಿರುತ್ತಿದ್ದರು. ಹುಮನಾಬಾದ್ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಎದುರಿಗೆ ಬಂದಾಗ ಮಾತ್ರ ವಿಮಾನದಲ್ಲಿ ಹುಡುಗನ ಕೈಯಿಂದ ಹತೋಟಿ ತೆಗೆದುಕೊಳ್ಳುವಾಗ ಹೇಳುವ ಹಾಗೆ "ಐ ಹ್ಯಾವ್ ಕಂಟ್ರೋಲ್" ಅಂತ ಸ್ಟೀರಿಂಗ್‌ಗೆ ಕೈ ಹಾಕಿದರು. ಬ್ರೇಕ್ ನನ್ನ ಕಾಲ ಕೆಳಗೇ ಇದೆ ಅನ್ನೋದು ಆಮೇಲೆ ನೆನಪಾಯಿತು.

ಅವರು ತೀರಿಕೊಂಡು ವರ್ಷವಾಗುವ ಹೊತ್ತಿಗೆ ಟ್ರಂಕಿನಲ್ಲಿ ಅವರ ಫ್ಲೈಯಿಂಗ್ ಲಾಗ್‌ಬುಕ್ ಸಿಕ್ಕಿತು. ಪ್ರತಿ ಹಾರಾಟಕ್ಕೂ ಒಂದು ಸಾಲು: ತಾರೀಖು, ವಿಮಾನದ ನಂಬರು, ಪಕ್ಕದಲ್ಲಿ ಕೂತ ಹುಡುಗನ ಹೆಸರು, ಗಂಟೆ, ನಿಮಿಷ. ಎಲ್ಲಾ ಇಂಗ್ಲಿಷಿನಲ್ಲಿ, ಮಸಿ ಪೆನ್ನಿನಲ್ಲಿ. ಆದರೆ ಬಲಗಡೆ ಅಂಚಿಗೆ ಪೆನ್ಸಿಲ್‌ನಲ್ಲಿ ಇರುವೆ ಸಾಲಿನಂಥ ಕನ್ನಡ ಅಕ್ಷರ. "ಛಲೋ ಹುಡುಗ, ಅಂಜತಾನ." "ಇವ ಯಾರ ಮಾತೂ ಕೇಳಂಗಿಲ್ಲ." ಹುಡುಗರಿಗೆ ಓದಲು ಬರಬಾರದು ಅಂತಲೇ ಕನ್ನಡದಲ್ಲಿ ಬರೆದಿರಬೇಕು. ಒಂದು ತಾರೀಖಿನ ಎದುರಿಗೆ "ಸಣ್ಣಾಕಿಗೆ ಜ್ವರ" ಅಂತ. ಸಣ್ಣಾಕಿ ನಾನೇ.

ಪುಸ್ತಕದ ಹೊಲಿಗೆ ಬಿಚ್ಚಿತ್ತು. ಪುಣ್ಯಸ್ಮರಣೆಗೆ ಬಂದವರೆಲ್ಲ ಕೈಯಲ್ಲಿ ಹಿಡಿದು ನೋಡುತ್ತಾರೆ, ಹಾಳೆ ಹರಿಯಬಾರದು ಅಂತ ನಾನು ಅದನ್ನು ಲ್ಯಾಮಿನೇಷನ್‌ಗೆ ಕೊಟ್ಟೆ. ಒಂದು ಝೆರಾಕ್ಸ್ ಅಂಗಡಿ. ಹಾಳೆ ಅಗಲ ಇದೆ, ಕವರಿನಲ್ಲಿ ಕೂರಂಗಿಲ್ಲ, ಸ್ವಲ್ಪ ಅಂಚು ಕತ್ತರಿಸ್ತೀನಿ ಅಂದ ಹುಡುಗ. ಅಂಚು ತಾನೇ ಅಂದುಕೊಂಡು ಹೂಂ ಅಂದೆ. ಅಂಚಿನಲ್ಲೇ ಪೆನ್ಸಿಲ್ ಬರಹ ಇದೆ ಅಂತ ಗೊತ್ತಿದ್ದೂ, ನನ್ನ ತಲೆಯಲ್ಲಿ ಇದ್ದದ್ದು ಗಂಟೆ, ನಂಬರು, ವಿಮಾನ. ಪುಸ್ತಿಕೆಗೆ ಬೇಕಾದದ್ದು ಅದೇ ಅಂದುಕೊಂಡಿದ್ದೆ. ಕತ್ತರಿಸಿದ ಚೂರು ಅವತ್ತೇ ಕಸದ ಗಾಡಿಗೆ ಹೋಯಿತು. ಒಂದು ಫೋಟೊ ಕೂಡ ತೆಗೆದಿರಲಿಲ್ಲ ನಾನು. ಬಿಸಿಗೆ ಕರಗಿದ ಪ್ಲಾಸ್ಟಿಕ್ಕು ಕಾಗದಕ್ಕೆ ಅಂಟಿಕೊಂಡರೆ ಬಿಡಿಸಲು ಬರುವುದಿಲ್ಲ, ಎಳೆದರೆ ಅಕ್ಷರದ ಸಮೇತ ಏಳುತ್ತದೆ. ಈಗ ಯಾವ ದಿನ ಎಷ್ಟು ನಿಮಿಷ ಹಾರಿದರು ಅನ್ನೋದು ಫಳಫಳ ಹೊಳೆಯುತ್ತದೆ, ಯಾರಿಗೂ ಬೇಡ. "ಸಣ್ಣಾಕಿಗೆ ಜ್ವರ" ಯಾವ ತಾರೀಖಿನ ಮುಂದೆ ಇತ್ತು ಅಂತ ಅವ್ವನಿಗೂ ನೆನಪಿಲ್ಲ.

ಪುಸ್ತಿಕೆ ಅಚ್ಚು ಹಾಕಿಸಿದೆ, ವಿಮಾನ, ಗಂಟೆ, ಪದಕ ಎಲ್ಲಾ ತುಂಬಿಸಿ. ಬಂದವರು ಫೋಟೊ ನೋಡಿ ಮಡಚಿ ಜೇಬಿಗಿಟ್ಟರು. ಮಾತಾಡಿದ್ದೆಲ್ಲ ಬೇರೆಯೇ. ಹೈದರಾಬಾದ್‌ಗೆ ಹೊರಡುವ ಮುಂಚೆ ಅಪ್ಪ ಕಾರಿನ ಸುತ್ತ ಒಂದು ಸುತ್ತು ಹಾಕಿ ನಾಲ್ಕೂ ಟೈರು ಮುಟ್ಟಿ ನೋಡುತ್ತಿದ್ದದ್ದು. ಪಕ್ಕದ ಮನೆ ಹುಡುಗನಿಗೆ ಗಣಿತ ಹೇಳಿಕೊಡುತ್ತಾ ಅವನಿಗಿಂತ ಮೊದಲು ತಾವೇ ತೂಕಡಿಸಿದ್ದು. ವಾಯುಪಡೆಯ ವಿಮಾನ ಕಸರತ್ತಿನ ಸೂರ್ಯಕಿರಣ್ ತಂಡ 1996ರಲ್ಲಿ ಬೀದರ್‌ನಲ್ಲೇ ಶುರುವಾದದ್ದಲ್ಲವೇ, ಆಗ ಅಪ್ಪ ನಿವೃತ್ತರಾಗಿ ಅದೇ ಊರಿನ ಗುಂಪಾ ಬಡಾವಣೆಯಲ್ಲಿ ಮನೆ ಮಾಡಿದ್ದರು. ತಂಡ ಅಭ್ಯಾಸ ಮಾಡುವಾಗ ಮಾಳಿಗೆ ಹತ್ತಿ "ಎಡಗಡೆಯವ ಹಿಂದೆ ಬಿದ್ದ" ಅಂತ ಬೈಯುತ್ತಿದ್ದರು, ಕೇಳುವವರು ಅವ್ವ ಮತ್ತು ಒಣಗಲು ಹಾಕಿದ ಹಪ್ಪಳ. 2008ರಲ್ಲಿ ಹಾಕ್ ಅನ್ನೋ ಹೊಸ ತರಬೇತಿ ವಿಮಾನ ಬಂದ ಮೇಲೆ ಅದರ ಸದ್ದು ಕೇಳಿದರೆ ಊಟ ಬಿಟ್ಟು ಎದ್ದು ಹೋಗುತ್ತಿದ್ದರು. ಕಿರಣ್ ಸದ್ದಿಗೆ ತಲೆ ಎತ್ತುತ್ತಿರಲಿಲ್ಲ.

ಪದಕ ಬೇಕೇ ಬೇಕು ಅಂದರೆ ಯೂನಿಫಾರ್ಮ್ ಫೋಟೊದಲ್ಲಿ ಎದೆ ಮೇಲಿನ ರಿಬ್ಬನ್, ಅಂದರೆ ಪದಕದ ಗುರುತಿನ ಬಣ್ಣದ ಪಟ್ಟಿ, ದೊಡ್ಡದು ಮಾಡಿ ನೋಡಿ. 9 ವರ್ಷ, 20 ವರ್ಷ ಸೇವೆಗೆ ಪದಕ ಇವೆ. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವರ್ಷದ ಪದಕ ಕೊಟ್ಟಿದ್ದಾರೆ. ರಿಬ್ಬನ್ ಸಾಲು ಕಂಡ ಕೂಡಲೇ "ಯುದ್ಧವೀರ" ಅಂತ ಬರೆಯಬೇಡಿ, ಅವರ ಜೊತೆ ಇದ್ದವರು ಓದಿದರೆ ನಗುತ್ತಾರೆ. ರ್‍ಯಾಂಕು ಪಿಂಚಣಿ ಕಾಗದದಲ್ಲೇ ಇರುತ್ತದೆ. ಅಷ್ಟು ಸಾಕು, ಎರಡು ಸಾಲು.

ಉಳಿದ ಪುಟಗಳಿಗೆ ನಿಮ್ಮ ಅತ್ತೆಯವರನ್ನು ಕೇಳಿ. ಫೋನಿನಲ್ಲಿ ರೆಕಾರ್ಡ್ ಹಚ್ಚಿಟ್ಟು, ಹಳೇ ಫೋಟೊ ಒಂದೊಂದೇ ಮುಂದಿಟ್ಟು, ಇವರು ಯಾರು, ಇದು ಯಾವ ಊರಿನ ಕ್ವಾರ್ಟರ್ಸ್ ಅಂತ ಕೇಳಿ. ಹೇಳಿದ್ದನ್ನು ಫೋಟೊ ಹಿಂದೆ ಮೆತ್ತಗಿನ ಪೆನ್ಸಿಲ್‌ನಲ್ಲಿ ಬರೆಯಿರಿ, ಬಾಲ್‌ಪೆನ್ ಒತ್ತಿದರೆ ಮುಂದೆ ಮೂಡುತ್ತದೆ. ಲಾಗ್‌ಬುಕ್ ಇದ್ದರೆ ಅಂಚು ಪೂರ್ತಿ ಬರುವ ಹಾಗೆ ಮನೆಯಲ್ಲೇ ಫೋಟೊ ತೆಗೆದು, ಪುಸ್ತಕವನ್ನು ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡಿ. ಅಂಗಡಿಗೆ ಒಯ್ಯಬೇಡಿ.