ಗಟ್ಟಿ ಹೆಂಗಸು ಅಂದದ್ದೇ ತಪ್ಪಾಯಿತು

ಕ್ಯಾನ್ಸರಿಗೆ ಕೊಡುವ ಔಷಧಿ, ಅಂದರೆ ಕೀಮೋ, ಶುರುವಾಗುವ ಮುಂಚೆ ರೋಗಿಗೂ ಮನೆಯವರಿಗೂ ಸಲಹೆ ಕೊಡುವುದು ನನ್ನ ಕೆಲಸ. ನನ್ನ ಹತ್ತಿರ ಬರುವ ಮನೆಯವರು ಬಾಗಿಲಲ್ಲೇ ಒಂದು ಮಾತು ಹೇಳುತ್ತಾರೆ. "ಸ್ವಲ್ಪ ಧೈರ್ಯ ಹೇಳ್ರಿ ಮೇಡಮ್." ಎಷ್ಟೋ ವರ್ಷ ನಾನೂ ಅದನ್ನೇ ಹೇಳಿ ಕಳಿಸಿದ್ದೇನೆ. ಈಗ ಹೇಳುವುದಿಲ್ಲ. ಯಾಕೆ ಬಿಟ್ಟೆ ಅಂತ ತಿಳಿಸಲು ಈ ಪ್ರಕರಣ ಬರೆಯುತ್ತಿದ್ದೇನೆ.

ಅವರನ್ನು ಗೌರಮ್ಮ ಅಂತ ಕರೆಯೋಣ. ಹೆಸರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಕೆಲಸ ಮಾತ್ರ ಬದಲಿಸಿಲ್ಲ, ಅದನ್ನು ಬಿಟ್ಟರೆ ನಡೆದದ್ದು ಅರ್ಥವಾಗುವುದಿಲ್ಲ. ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ಕಾದ ಮರಳಿನ ಮುಂದೆ ಕೂತವರು. ಗಂಡ ಇಲ್ಲ. ಮಗ, ಸೊಸೆ, ನಾಲ್ಕನೇ ಕ್ಲಾಸಿನ ಮೊಮ್ಮಗಳು. ಸ್ತನದ ಕ್ಯಾನ್ಸರ್. ಆಪರೇಷನ್ ಆಗಿತ್ತು, ಎಡ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು. 21 ದಿನಕ್ಕೊಮ್ಮೆ ನಾಲ್ಕು ಸಲ ಕೀಮೋ, ಆಮೇಲೆ ವಾರಕ್ಕೊಂದರಂತೆ ಬೇರೆ ಔಷಧಿ ಅಂತ ಡಾಕ್ಟರು ಬರೆದಿದ್ದರು.

ಮೊದಲ ಭೇಟಿಯಲ್ಲಿ ಕೂದಲ ಮಾತೇ ಜಾಸ್ತಿ ಆಯಿತು. ಎರಡು ಮೂರು ವಾರದಲ್ಲಿ ಉದುರಲು ಶುರುವಾಗುತ್ತದೆ, ಔಷಧಿ ನಿಂತ ಮೇಲೆ ಮತ್ತೆ ಬರುತ್ತದೆ ಅಂದೆ. ಮೊಮ್ಮಗಳು ಪಕ್ಕದಲ್ಲಿ ಮಲಗಬಹುದಾ ಅಂತ ಕೇಳಿದರು. ಮಲಗಬಹುದು, ಕ್ಯಾನ್ಸರ್ ಅಂಟುವ ರೋಗ ಅಲ್ಲ ಅಂದೆ. ಕೀಮೋದಲ್ಲಿ ಕೆಂಪು ಬಣ್ಣದ ಒಂದು ಔಷಧಿ ಇದೆ, ಅದು ಮೈಯೊಳಗೆ ಹೋದ ಮೇಲೆ ಒಂದೆರಡು ದಿನ ಮೂತ್ರ ಕೆಂಪಗೆ ಬರುತ್ತದೆ, ರಕ್ತ ಅಂತ ಹೆದರಬೇಡಿ ಅಂತಲೂ ಹೇಳಿದೆ. ಜ್ವರದ ವಿಷಯವನ್ನೂ ಹೇಳಿದ್ದೆ, ಆದರೆ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟೆ. ಅವರು ಏಳುವಾಗ ಕೈ ಹಿಡಿದು, "ನೀವು ಗಟ್ಟಿ ಹೆಂಗಸು, ಇದನ್ನ ದಾಟ್ತೀರಿ" ಅಂದೆ. ಮಗನಿಗೆ ಸಮಾಧಾನವಾಯಿತು. ನನಗೂ ಆಯಿತು.

ಎರಡನೇ ಕೀಮೋ ಆಗಿ ಹತ್ತನೇ ದಿನ ರಾತ್ರಿ ಅವರಿಗೆ ಜ್ವರ ಬಂತು. ಯಾರನ್ನೂ ಎಬ್ಬಿಸಲಿಲ್ಲ. ಬೆಳಗ್ಗೆ ಸೊಸೆ ನೋಡಿದಾಗ ಕಂಬಳಿ ಹೊದ್ದು ನಡುಗುತ್ತಿದ್ದರು. ಬಿಳಿ ರಕ್ತಕಣ ತುಂಬ ಇಳಿದು ಸೋಂಕು ಹತ್ತಿತ್ತು. ಆರು ದಿನ ವಾರ್ಡಿನಲ್ಲಿ ಆ್ಯಂಟಿಬಯೋಟಿಕ್ ಹಾಕಿದರು. ಉಳಿದರು.

ಆಮೇಲಿನ ಭೇಟಿಗೆ ಮೂವರೂ ಬಂದರು. ಮಗ ಕೂರುವ ಮುಂಚೆಯೇ ಶುರು ಮಾಡಿದ. "ಮಗ್ಗುಲಲ್ಲೇ ಮಲಗಿದ್ದೆ ಮೇಡಮ್. ಒಂದು ಸಲ ಕೂಗಿದ್ರೆ ಸಾಕಿತ್ತು." ಗೌರಮ್ಮ ಸೆರಗಿನ ತುದಿ ನೋಡುತ್ತಾ ಕೂತಿದ್ದರು. ನಾನು ಮಗನನ್ನು ಸುಮ್ಮನಿರಿಸಿ, "ಆ ರಾತ್ರಿ ಏನಾಯ್ತು, ನೀವೇ ಹೇಳಿ" ಅಂದೆ.

"ಮೈ ಬಿಸಿ ಆತು. ಭಟ್ಟಿ ಮುಂದೆ ಕೂತೋಳಿಗೆ ಮೈ ಬಿಸಿ ಹೊಸದೇನ್ರಿ?"

"ಚಳಿ ಬಂದಾಗ?"

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ನೋಡಿದರು. "ಆಗ ಗೊತ್ತಾತು ರೀ, ಇದು ಬ್ಯಾರೆ ಅಂತ. ಆದ್ರೆ ನೀವೆಲ್ಲ ಗಟ್ಟಿ ಹೆಂಗಸು, ಗಟ್ಟಿ ಹೆಂಗಸು ಅಂದಿದ್ರಿ. ಎದ್ದು ಕೂಗಿದ್ರೆ ಸೋತಂಗೆ ಅಲ್ವಾ?"

ಮಗ ಅತ್ತುಬಿಟ್ಟ. ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ನನಗೆ ಮಾತೇ ಹೊರಡಲಿಲ್ಲ. ಅವರು ದೂರುವ ದನಿಯಲ್ಲಿ ಹೇಳಿರಲಿಲ್ಲ. ನಾವು ಕೊಟ್ಟ ಹೆಸರನ್ನು ಉಳಿಸಿಕೊಳ್ಳಲು ಇಡೀ ರಾತ್ರಿ ಹಲ್ಲು ಕಚ್ಚಿ ಮಲಗಿದ್ದರು. ಧೈರ್ಯ ತುಂಬುತ್ತೇವೆ ಅಂದುಕೊಂಡು ನಾವು ಅವರ ಬಾಯಿ ಕಟ್ಟಿದ್ದೆವು. "ಆ ಮಾತು ನಾನು ಆಡಬಾರದಿತ್ತು ಗೌರಮ್ಮ, ತಪ್ಪು ನನ್ನದು" ಅಂದೆ. ಮಗನಿಗೂ ಸೊಸೆಗೂ ಕೇಳುವ ಹಾಗೆ ಅಂದೆ.

ಧೈರ್ಯದಿಂದ ಬಿಳಿ ರಕ್ತಕಣ ಹೆಚ್ಚಾಗುವುದಿಲ್ಲ. ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಕಣಗಳನ್ನೆಲ್ಲ ಹೊಡೆಯುತ್ತದೆ. ಕ್ಯಾನ್ಸರ್ ಕಣದ ಜೊತೆಗೆ ಕೂದಲ ಬುಡ, ಬಾಯಿಯ ಒಳಪದರ, ಮೂಳೆಯೊಳಗೆ ರಕ್ತ ತಯಾರಾಗುವ ಮಜ್ಜೆ, ಎಲ್ಲದಕ್ಕೂ ಪೆಟ್ಟು ಬೀಳುತ್ತದೆ. ಇಂಥ ಕೀಮೋದಲ್ಲಿ ಸಾಮಾನ್ಯವಾಗಿ ಎರಡನೇ ವಾರ ಬಿಳಿ ಕಣ ತೀರಾ ಕೆಳಗಿಳಿಯುತ್ತವೆ. ಆಗ ಬರುವ ಜ್ವರಕ್ಕೆ ಬೆಳಗಾಗುವವರೆಗೆ ಕಾಯುವಷ್ಟು ಸಮಯ ಇರುವುದಿಲ್ಲ.

ಆವತ್ತು ಕೊಟ್ಟ ಸಲಹೆಯಲ್ಲಿ ಮೊದಲನೆಯದು ಥರ್ಮಾಮೀಟರ್. ಕೈ ಇಟ್ಟು ನೋಡಿದರೆ ಗೊತ್ತಾಗುವುದಿಲ್ಲ, ಅದೂ ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ. ಡಿಜಿಟಲ್ ಥರ್ಮಾಮೀಟರ್ ಒಂದನ್ನು ಕ್ಯಾಲೆಂಡರ್ ಪಕ್ಕದ ಮೊಳೆಗೆ ಚೀಲದಲ್ಲಿ ತೂಗು ಹಾಕಿ, ಬೆಳಗ್ಗೆ ಸಂಜೆ ನೋಡಿ, ಮೈ ಸರಿ ಇಲ್ಲ ಅನಿಸಿದಾಗಲೂ ನೋಡಿ ಅಂದೆ. 100.4 ಡಿಗ್ರಿ ಮುಟ್ಟಿದರೆ ಆಸ್ಪತ್ರೆ. ರಾತ್ರಿ ಎರಡಾದರೂ ಸರಿ. ಚಳಿ ಹತ್ತಿ ನಡುಗಿದರೆ ಅಂಕಿ ನೋಡುತ್ತಾ ಕೂರಬೇಡಿ. ಜ್ವರದ ಮಾತ್ರೆ ನುಂಗಿ ಮಲಗುವುದಂತೂ ಬೇಡವೇ ಬೇಡ. ಮಾತ್ರೆ ಜ್ವರವನ್ನು ಮುಚ್ಚಿಡುತ್ತದೆ, ಸೋಂಕು ಒಳಗೆ ಬೆಳೆಯುತ್ತಲೇ ಇರುತ್ತದೆ. ಗೌರಮ್ಮನಿಗೆ ಓದು ಬರೆಹ ಬರುವುದಿಲ್ಲ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಬರೆಯುವ ಕೆಲಸ ಮೊಮ್ಮಗಳದು.

ರಾತ್ರಿ ಹೋಗುವುದು ಹೇಗೆ ಅಂತ ಅಲ್ಲೇ ಕೂತು ತೀರ್ಮಾನ ಮಾಡಿದೆವು. ಪಕ್ಕದ ಮನೆಯ ಆಟೋ, ಅವರು ಇಲ್ಲದಿದ್ದರೆ 108. ಒಂದು ಚೀಲದಲ್ಲಿ ಡಿಸ್ಚಾರ್ಜ್ ಚೀಟಿ, ಹಿಂದಿನ ರಕ್ತದ ರಿಪೋರ್ಟ್, ಆಧಾರ್, ರೇಷನ್ ಕಾರ್ಡ್. ಕೂಗದೆ ಇದ್ದದ್ದಕ್ಕೆ ದುಡ್ಡಿನ ಹೆದರಿಕೆಯೂ ಇತ್ತು ಅಂತ ಕೆದಕಿದ ಮೇಲೆ ಗೊತ್ತಾಯಿತು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ ಅಂತ ಮಗನಿಗೆ ಗೊತ್ತಿತ್ತು. ಅಮ್ಮನಿಗೆ ಯಾರೂ ಹೇಳಿರಲಿಲ್ಲ.

ಮನೆಯವರಿಗೆ ಹೇಳಿದ್ದು ಬೇರೆ. ಇನ್ನು "ಧೈರ್ಯವಾಗಿರು" ಅನ್ನಬೇಡಿ. ದಿನಾ ಒಂದು ಸಲ ಹತ್ತಿರ ಕೂತು "ಇವತ್ತು ಏನೇನಾಯ್ತು?" ಅಂತ ಕೇಳಿ. ಬಾಯಿ ಹುಣ್ಣು, ಮಲಬದ್ಧತೆ, ಊಟ ರುಚಿಸದೆ ಇರುವುದು, ಯಾವುದೂ ಸಣ್ಣದಲ್ಲ. ಗೌರಮ್ಮನಿಗೆ ಹೇಳಿದ್ದು ಇಷ್ಟೇ. "ಔಷಧಿ ಕೊಡೋದು ಡಾಕ್ಟರ ಕೆಲಸ. ಹೇಳೋದು ನಿಮ್ಮ ಕೆಲಸ. ನೀವು ಹೇಳದೆ ಇದ್ರೆ ಅವರ ಕೆಲಸ ಅರ್ಧಕ್ಕೆ ನಿಲ್ಲುತ್ತೆ."

ಇಷ್ಟೆಲ್ಲ ಮೊದಲೇ ಹೇಳಿದರೆ ಜನ ಹೆದರಿ ಚಿಕಿತ್ಸೆಯನ್ನೇ ಬಿಡುತ್ತಾರೆ ಅಂತ ಜೊತೆಯವರು ಕೆಲವರು ನನಗೆ ಬುದ್ಧಿ ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ಅರ್ಧಕ್ಕೆ ಬಿಟ್ಟವರನ್ನು ನಾನೂ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು, ಏನಾಗುತ್ತದೆ ಅಂತ ಯಾರೂ ಹೇಳದೆ ಇದ್ದವರು. ಬಾಯೆಲ್ಲ ಹುಣ್ಣಾದಾಗ ಔಷಧಿ ತನಗೆ ಆಗಿಬರಲಿಲ್ಲ ಅಂದುಕೊಂಡು ಊರಿಗೆ ಹೋದವರು. ಮುಂಚೆಯೇ ಗೊತ್ತಿದ್ದರೆ ಉಪ್ಪು, ಅಡುಗೆ ಸೋಡ ಹಾಕಿದ ನೀರು ಮುಕ್ಕಳಿಸುತ್ತಾ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದರು.

ಗೌರಮ್ಮ ಒಪ್ಪದ ಸಲಹೆ ಒಂದೇ, ಭಟ್ಟಿಗೆ ಹೋಗಬೇಡಿ ಅನ್ನುವುದು. ಹೊಟ್ಟಿನ ಧೂಳು, ಹೊಗೆ, ಜೊತೆಗೆ ಕಂಕುಳಿನ ಗಂಟು ತೆಗೆದ ಕೈ. ಆ ಕೈಗೆ ಸಣ್ಣ ಸುಟ್ಟ ಗಾಯವಾದರೂ ಸೋಂಕು ಹತ್ತಿ ಬಾವು ಬರಬಹುದು. "ಮನೇಲಿ ಕೂತ್ರೆ ಸತ್ತಂಗೆ ಆಗ್ತತೆ" ಅಂದರು. ಅವರ ಕೂಲಿಯೂ ಆ ಮನೆಗೆ ಬೇಕಿತ್ತು. ನಾನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದರೆ ಹೋಗಿದ್ದನ್ನೇ ಮುಚ್ಚಿಡುತ್ತಾರೆ ಅನಿಸಿತು. ಡಾಕ್ಟರನ್ನು ಕೇಳೋಣ, ಅಲ್ಲಿಯವರೆಗೆ ಹೋಗಬೇಡಿ ಅಂದೆ. ಎರಡನೇ ವಾರ ಪೂರ್ತಿ ಮನೆ, ಉಳಿದ ದಿನ ಬೆಂಕಿಯಿಂದ ದೂರ, ಹೊರಗೆ ಕೂತು ಲೆಕ್ಕ ನೋಡಬಹುದು ಅಂತ ಡಾಕ್ಟರು ಹೇಳಿದರು. ಅದಕ್ಕೆ ಒಪ್ಪಿದರು.

ಮೂರನೇ ಕೀಮೋ ಒಂದು ವಾರ ತಡವಾಗಿ ಆಯಿತು. ನಾಲ್ಕನೆಯದೂ ಆಯಿತು. ಈಗ ಯಾರೇ ಬಂದರೂ ಮೊದಲ ಭೇಟಿಯಲ್ಲೇ ನಾನು ಕೇಳುತ್ತೇನೆ, "ರಾತ್ರಿ ಜ್ವರ ಬಂದ್ರೆ ಯಾರನ್ನ ಎಬ್ಬಿಸ್ತೀರಿ?" ಒಂದು ಹೆಸರು ಬಾಯಿಂದ ಬರುವವರೆಗೆ ಮುಂದಿನ ಮಾತಿಗೆ ಹೋಗುವುದಿಲ್ಲ.

ವಾರದ ಔಷಧಿ ಶುರುವಾಗಿ ಐದನೇ ವಾರ ಗೌರಮ್ಮ ತಾವೇ ಫೋನ್ ಮಾಡಿಸಿದರು. "ಬೆರಳ ತುದಿ ಜುಮ್ ಅಂತಾವೆ ರೀ. ಬಿಸಿ ಲೋಟ ಹಿಡಿದ್ರೆ ಬಿಸೀನೇ ಗೊತ್ತಾಗಲ್ಲ. ಆಸ್ಪತ್ರೆಗೆ ಹೇಳೀನಿ, ಬುಕ್ಕಲ್ಲೂ ಬರೆಸೀನಿ." ಸ್ವಲ್ಪ ತಡೆದು, "ಇನ್ನು ಭಟ್ಟಿ ಬ್ಯಾಡ ಬಿಡ್ರಿ" ಅಂದರು.