ಮಾಸ್ತರರ ಶೇವಿನ ಪ್ಯಾಕೆಟ್

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಬಾಗಲಕೋಟೆಯ ನವನಗರದಿಂದ ಸೊಸೆ ತಮ್ಮ ಮಾವನವರನ್ನು ಆಹಾರದ ಸಲಹೆಗೆಂದು ನನ್ನ ಬಳಿ ಕರೆತಂದಿದ್ದರು. ಎಪ್ಪತ್ತು ದಾಟಿದ ನಿವೃತ್ತ ಕನ್ನಡ ಶಾಲೆ ಮಾಸ್ತರರು, ಬಿಪಿ ಇದೆ. ಸೊಸೆ ಶೇವಿನ ಪ್ಯಾಕೆಟ್ ಬಚ್ಚಿಟ್ಟದ್ದಕ್ಕೆ ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ. "ನನ್ನ ಕಳ್ಳನ್ನ ಕಂಡಂಗ ಕಾಣ್ತಾರ" ಎನ್ನುವಾಗ ಅವರ ದನಿ ಕುಗ್ಗಿತು.

ಅವರು ಓದದೇ ತಿಂದವರಲ್ಲ. ಚೀಲದಿಂದ ಪ್ಯಾಕೆಟ್ ತೆಗೆದು, ಕನ್ನಡಕ ಹಣೆಗೇರಿಸಿ, ಬೆರಳಿಟ್ಟು ತೋರಿಸಿದರು: "ಕರದಿದ್ದಲ್ರಿ, ಬೇಕ್ಡ್ ಅಂತ ಬರದಾರ. ಸಾಮಾನಿನ ಪಟ್ಟಿಯೊಳಗ ಉಪ್ಪು ಕಡೀಕ ಐತಿ. ಸೋಡಿಯಂ ಬರೇ ಹನ್ನೆರಡು ಪರ್ಸೆಂಟ್." ತೂಕ ಹೆಚ್ಚಿರುವ ಪದಾರ್ಥವನ್ನೇ ಮೊದಲು ಬರೆಯುತ್ತಾರೆಂಬುದು ಅವರಿಗೆ ಗೊತ್ತಿತ್ತು. ಎಷ್ಟೋ ಕಲಿತವರಿಗೂ ಇದು ಗೊತ್ತಿರುವುದಿಲ್ಲ.

ಎಡವಿದ್ದು ಒಂದೇ ಕಡೆ. ಆ 12, ದಿನದ ಮಿತಿಯಾದ 2000 ಮಿಲಿಗ್ರಾಂ ಸೋಡಿಯಂನ ಶೇಕಡಾವಾರು; ಅದೂ ಒಂದು 'ಸರ್ವಿಂಗ್'ಗೆ (ಒಮ್ಮೆಗೆ ತಿನ್ನುವ ಪ್ರಮಾಣಕ್ಕೆ), ಅಂದರೆ 30 ಗ್ರಾಮಿಗೆ. ಪ್ಯಾಕೆಟ್ 200 ಗ್ರಾಮಿನದು. ತೂಕದ ಯಂತ್ರದ ಮೇಲೆ ಕಾಗದದ ತಟ್ಟೆಯಿಟ್ಟು, "ದಿನಾ ತಿನ್ನೂವಷ್ಟು ಹಾಕ್ರಿ ಗುರುಗಳ" ಎಂದೆ. ಹೆಚ್ಚುಕಡಿಮೆ 100 ಗ್ರಾಂ ತೋರಿಸಿತು. ಅಷ್ಟಕ್ಕೆ ಸೋಡಿಯಂ 800 ಮಿಲಿಗ್ರಾಂ. ಎರಡೂವರೆಯಿಂದ ಗುಣಿಸಿದರೆ ಉಪ್ಪು 2 ಗ್ರಾಂ. ಇಡೀ ದಿನದ ಉಪ್ಪು 5 ಗ್ರಾಮಿನೊಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗುಣಾಕಾರ ಮಾಡಿದ್ದು ಮಾಸ್ತರರೇ, ಬಾಯಿಲೆಕ್ಕದಲ್ಲಿ. ಆಮೇಲೆ ತಟ್ಟೆಯನ್ನೇ ನೋಡುತ್ತ ಕುಳಿತರು.

ದೇಶದ ಆಹಾರ ಲೇಬಲ್ ನಿಯಮದ ಪ್ರಕಾರ ವಿವರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು. ಜೀವಮಾನವೆಲ್ಲ ಕನ್ನಡ ಕಲಿಸಿದವರು ಸಾಸಿವೆಯಷ್ಟು ಇಂಗ್ಲಿಷ್ ಅಕ್ಷರದಲ್ಲಿ ತಮ್ಮ ಆರೋಗ್ಯ ಹುಡುಕಬೇಕಾಗಿರುವುದು ನನಗೆ ಸಂಕಟದ ಸಂಗತಿ.

ಅವರಿಗೆ ಹೇಳಿದ್ದಿಷ್ಟು: ಪ್ಯಾಕೆಟ್ಟಿನ ಮುಂದಿನ ದೊಡ್ಡಕ್ಷರ ಬಿಡಿ, ಹಿಂದೆ '100 ಗ್ರಾಮಿಗೆ' ಎಂಬ ಸಾಲಿನಲ್ಲಿ ಸೋಡಿಯಂ ನೋಡಿ, ನೀವು ತಿನ್ನುವಷ್ಟಕ್ಕೆ ಲೆಕ್ಕ ಹಾಕಿ. ಶೇವು ಸಣ್ಣ ವಾಟಗಾಕ್ಕೆ ಹಾಕಿಕೊಳ್ಳಿ, ಪ್ಯಾಕೆಟ್ಟಿಗೆ ಕೈ ಹಾಕಬೇಡಿ. ಉಪ್ಪಿನಕಾಯಿ, ಹಪ್ಪಳಕ್ಕೆ ಮನೆಯಲ್ಲಿ ಲೇಬಲ್ ಇರುವುದಿಲ್ಲ, ಉಪ್ಪು ಇದ್ದೇ ಇರುತ್ತದೆ. 'ಕಡಿಮೆ ಸೋಡಿಯಂ ಉಪ್ಪು' ಡಾಕ್ಟರರನ್ನು ಕೇಳದೇ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಮೂತ್ರಪಿಂಡದ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅಪಾಯ.

ಸೊಸೆಗೆ ಬೇರೆ ಹೇಳಿದೆ: ಬಚ್ಚಿಡಬೇಡವ್ವ. ಹೊಸ ಪ್ಯಾಕೆಟ್ ತಂದರೆ ಮೊದಲು ಅವರ ಕೈಗೇ ಕೊಡು, ಲೆಕ್ಕ ಅವರೇ ಹಾಕಲಿ.

ತಿಂಗಳ ನಂತರ ಇಬ್ಬರೂ ಬಂದರು. ಪ್ಯಾಕೆಟ್ಟಿನ ಮೇಲೆ ದಪ್ಪ ಪೆನ್ನಿನಲ್ಲಿ, ಹಲಗೆಯ ಮೇಲೆ ಬರೆದಂಥ ಉರುಟು ಅಕ್ಷರದಲ್ಲಿ 'ದಿನಕ್ಕೆ 30 ಗ್ರಾಂ' ಎಂದಿತ್ತು. "ಶೇವು ಕಡಿಮಿ ಮಾಡ್ಯಾರ್ರಿ, ಮಾವಿನಕಾಯಿ ಉಪ್ಪಿನಕಾಯಿ ಮಾತ್ರ ಬಿಡವಲ್ರು" ಎಂದರು ಸೊಸೆ. ಮುಂದಿನ ಭೇಟಿಗೆ ಭರಣಿಯ ಚಮಚ ತರಲು ಹೇಳಿದ್ದೇನೆ.